ಹಿಮಕ್ಕೊಂದು ಕ್ಯಾಮೆರಾ

ಜುಲೈ 10, 2007, ಮಂಗಳವಾರ. ರೌಸ್ ಹಿಲ್, ಬೆಳಿಗ್ಗೆ 6.10

ಮಗಳು ಹಂಸಾ ಗರಾಜಿನಲ್ಲಿ ಸ್ಕ್ವಾಟ್ಸ್ ಮಾಡುತ್ತಿದ್ದಾಳೆ. ಎಣಿಸುವುದು ಅಡುಗೆಮನೆ ತನಕ ಕೇಳಿಸುತ್ತಿದೆ. ಏಳೂವರೆಗೆ ವೆಸ್ಟ್‌ಮೀಡ್‌ನ ಲ್ಯಾಬಿನಲ್ಲಿರಬೇಕು ನಾನು.

ಮೆಲ್ಬರ್ನಿನ ಸ್ಕೀ ತಂಡದ ಕೋಚ್‌ನಿಂದ ಪತ್ರ ಬಂದಿದೆ. ಆಗಸ್ಟ್ 20ರೊಳಗೆ ವಿಡಿಯೋ ತಲುಪಬೇಕು. ಒಂದೇ ಓಟ, ಬೆಟ್ಟದ ಮೇಲಿನಿಂದ ಕೆಳಗಿನ ತನಕ, ಕತ್ತರಿ ಹಾಕುವಂತಿಲ್ಲ. ಅದನ್ನು ನೋಡಿಯೇ ಆಯ್ಕೆ. ಆಯ್ಕೆಯಾದರೆ ಮುಂದಿನ ಚಳಿಗಾಲ ಹತ್ತು ವಾರ ಅವರ ಹಾಸ್ಟೆಲ್‌ನಲ್ಲಿದ್ದು ತರಬೇತಿ. ಹದಿನೈದರ ಈ ಹುಡುಗಿ ಮೂರು ವರ್ಷದಿಂದ ಬೇರೇನನ್ನೂ ಕೇಳಿಲ್ಲ.

ಕ್ಯಾಮೆರಾ ಆರಿಸುವುದು ನಾನೇ ಎಂದು ಘೋಷಿಸಿದ್ದೇನೆ. ಲಕ್ಷ್ಮೀಶ್‌ಗೆ ಬಿಟ್ಟರೆ, ಗಂಡ ಮಹಾಶಯರು ಎಕ್ಸೆಲ್ ಶೀಟ್ ಮುಗಿಸುವುದರೊಳಗೆ ಹಿಮವೇ ಕರಗಿರುತ್ತದೆ.

ಜುಲೈ 14, ಶನಿವಾರ. ಮೆಲ್ಬರ್ನ್

ಕಾನ್ಫರೆನ್ಸ್ ಮಧ್ಯಾಹ್ನಕ್ಕೇ ಮುಗಿಯಿತು. ಟ್ರಾಮ್ ಹಿಡಿದು ಡಾಕ್‌ಲ್ಯಾಂಡ್ಸ್, ಪರಿಚಯದ ಯೋಗೀಶನ ಮನೆ. ಬ್ಯಾಂಕಿನ ಕೆಲಸ ಅವನಿಗೆ ಹೊಟ್ಟೆಪಾಡು. ಇಲ್ಲಿನದೂ ನಮ್ಮದೂ ಎರಡೂ ಊರಿನ ಕನ್ನಡದ ಮಕ್ಕಳ ರಂಗಪ್ರವೇಶಕ್ಕೆ ವಿಡಿಯೋ ತೆಗೆಯುವುದೇ ನಿಜವಾದ ಕಸುಬು.

"ಅಕ್ಕ, ಕಣ್ಮುಚ್ಕೊಂಡು ಇದನ್ನ ತಗೊಳ್ಳಿ. ಹಾರ್ಡ್ ಡಿಸ್ಕ್, ಟೇಪ್ ಗೋಳೇ ಇಲ್ಲ. ಲೋ ಲೈಟಲ್ಲಿ ಫೇಸ್ ಏನ್ ಬರತ್ತೆ ಗೊತ್ತಾ!"

ದೀಪದ ಬೆಳಕಿನಲ್ಲಿ ಕುಣಿಯುವ ಹುಡುಗಿಯೊಬ್ಬಳನ್ನು ತೋರಿಸಿದ. ಕಣ್ಣಿನ ಕಾಡಿಗೆ ತನಕ ಸ್ಪಷ್ಟ. ಅಂಗೈಯಷ್ಟೇ ಕ್ಯಾಮೆರಾ. ಸಂಜೆಯೊಳಗೆ ಅಂಥದ್ದೇ ಕೊಂಡೆ. ಹತ್ತು ನಿಮಿಷದ ಕೆಲಸ.

ಜುಲೈ 28, ಶನಿವಾರ. ಪೆರಿಷರ್, ಹಿಮದ ಬೆಟ್ಟ

ಎಂಥ ಓಟ! ಕಂಬಗಳ ನಡುವೆ ನುಸುಳುವ ಇಪ್ಪತ್ತೆರಡು ಗೇಟು, ಒಂದೂ ತಪ್ಪಿಲ್ಲ. ಹಂಸಾ ಯಾವತ್ತೂ ಹೀಗೆ ಇಳಿದಿರಲಿಲ್ಲ. ಬಿಸಿಲಿಗೆ ಕ್ಯಾಮೆರಾದ ಸ್ಕ್ರೀನಿನಲ್ಲಿ ನನ್ನ ಮೂಗೇ ಕಾಣುತ್ತಿತ್ತು. ಅಂದಾಜಿನ ಮೇಲೆ ಹಿಡಿದೆ. ಪರವಾಗಿಲ್ಲ. ಮೆಷಿನ್ ಒಳ್ಳೆಯದು.

ಜುಲೈ 29, ಭಾನುವಾರ. ಮನೆ

ಟಿವಿಗೆ ಹಾಕಿ ನೋಡಿದೆವು. ಹಿಮ ಬೂದಿ ಬಣ್ಣ. ಅದರ ಮೇಲೆ ಒಂದು ಕಪ್ಪು ಚುಕ್ಕೆ ಜಾರುತ್ತಿದೆ. ಮಂಡಿ ಯಾವುದು, ಕೈ ಯಾವುದು, ತಿಳಿಯುವುದೇ ಇಲ್ಲ. ಅರ್ಧದಿಂದ ಮುಂದೆ ಚುಕ್ಕೆಯೂ ಇಲ್ಲ.

"ಈಸ್ ದಟ್ ಮೀ?" ಎಂದಳು ಹಂಸಾ. ಎದ್ದು ರೂಮಿಗೆ ಹೋದಳು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಪ್ಪು ಯೋಗೀಶನದಲ್ಲ. ಕತ್ತಲ ಹಾಲಿನಲ್ಲಿ ನೃತ್ಯ ಹಿಡಿಯುವವನ ಹತ್ತಿರ ಹೋಗಿ ಹಿಮದ ಬಿಸಿಲಿಗೆ ಸಲಹೆ ಕೇಳಿದವಳು ನಾನು. ನಮ್ಮವರಿಗೆ ಕ್ಯಾಮೆರಾ ಎಂದರೆ ರಂಗಪ್ರವೇಶ, ಇಲ್ಲವೇ ಗೃಹಪ್ರವೇಶ... ನಾಚಿಕೆಯಾಗುತ್ತಿದೆ. ಇನ್ನು ಮೂರು ವಾರ ಇದೆ.

ಆಗಸ್ಟ್ 4, ಶನಿವಾರ

ಈ ಸಲ ಯಾರನ್ನೂ ಕೇಳಲಿಲ್ಲ. ಪರಮಟ್ಟಾದ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಿಳಿ ಬೆಡ್‌ಶೀಟ್ ಸಮೇತ ಹೋದೆ. ನಡುಮಧ್ಯಾಹ್ನ, ಹಿಂದಿನ ಕಾರ್ ಪಾರ್ಕ್. ಬೇಲಿಗೆ ಬೆಡ್‌ಶೀಟ್ ಕಟ್ಟಿ, ಅದರ ಮುಂದೆ ಕಪ್ಪು ಸ್ವೆಟರಿನ ಲಕ್ಷ್ಮೀಶ್.

"ರೀ, ಸ್ವಲ್ಪ ಬಗ್ಗಿ. ಹಾಗೇ ಓಡಾಡಿ."

"ನಮ್ಮೋರು ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ ಕಣೇ ಇಂದು?"

"ಫೇಮಸ್ ಆಗ್ತೀರಿ. ಬಗ್ಗಿ."

ಐದು ಕ್ಯಾಮೆರಾ ಪರೀಕ್ಷಿಸಿದೆ. ಒಂದೇ ಪಾಸ್. ಹಳೆಯದು, ಟೇಪಿನದು, ಇಟ್ಟಿಗೆಯಷ್ಟು ತೂಕ. ಆದರೆ ಕಣ್ಣಿಗೆ ಒತ್ತಿ ನೋಡಬಹುದು, ಬಿಸಿಲಿನ ಕಾಟವಿಲ್ಲ. ಬೆಳಕು ಹೆಚ್ಚು ಕಡಿಮೆ ಮಾಡುವ ಪುಟ್ಟ ಗಾಲಿ ಇದೆ, ಗ್ಲೌಸ್ ಹಾಕಿಕೊಂಡೇ ತಿರುಗುತ್ತದೆ. ಬಿಳಿ ಬಿಳಿಯಾಗಿಯೇ ಬಂತು. ಗಂಡನ ಮುಖದ ಸಿಟ್ಟೂ ಬಂತು.

ಆಗಸ್ಟ್ 11, ಶನಿವಾರ. ಪೆರಿಷರ್

ಸಿಕ್ಕಿದ್ದು ಒಂದೇ ಓಟ. ಆಮೇಲೆ ಗಾಳಿ ಎದ್ದು ಬೆಟ್ಟಕ್ಕೆ ಏರಿಸುವ ಲಿಫ್ಟ್ ನಿಲ್ಲಿಸಿದರು.

ಹನ್ನೊಂದನೇ ಗೇಟಿನಲ್ಲಿ ಬಿದ್ದಳು. ಕ್ಯಾಮೆರಾ ಬಿಸಾಡಿ ಓಡಬೇಕೆನಿಸಿತು. ಓಡಲಿಲ್ಲ. ಕೈ ಅಲುಗಲೂ ಇಲ್ಲ. ಎದ್ದಳು — ಉಳಿದ ಗೇಟುಗಳನ್ನು ಸಿಟ್ಟಿನಿಂದಲೇ ಇಳಿದಳು.

ಆಗಸ್ಟ್ 12, ಭಾನುವಾರ

ಟಿವಿಯಲ್ಲಿ ಎಲ್ಲ ಕಾಣುತ್ತದೆ. ಮಂಡಿ, ಮೊಣಕೈ, ಹಲ್ಲು ಕಚ್ಚಿದ್ದು. ಬಿದ್ದದ್ದೂ. ಬರುವ ವಾರ ಅವಳಿಗೆ ಪರೀಕ್ಷೆ, ಮತ್ತೆ ಬೆಟ್ಟಕ್ಕೆ ಹೋಗುವಂತಿಲ್ಲ.

"ಮೊದಲಿನದೇ ಕಳ್ಸೋಣ್ವಾ ಪುಟ್ಟಾ? ಅದ್ರಲ್ಲಿ ನೀನು ಬಿದ್ದಿಲ್ಲ."

"ನೋ ಅಮ್ಮಾ. ಸೆಂಡ್ ದಿಸ್ ಒನ್. ಅಟ್ ಲೀಸ್ಟ್ ದೇ ಕ್ಯಾನ್ ಸೀ ಮೀ."

ನಾಳೆ ಎಕ್ಸ್‌ಪ್ರೆಸ್ ಪೋಸ್ಟ್.

ಸೆಪ್ಟೆಂಬರ್ 6, ಗುರುವಾರ. ಸಂಜೆ 5.30

ಆಯ್ಕೆಯಾದಳು! ಪತ್ರದ ಕೆಳಗೆ ಕೋಚ್ ಕೈಯಾರೆ ಒಂದು ಸಾಲು ಬರೆದಿದ್ದಾರೆ: ಬಿದ್ದ ಮೇಲಿನ ಗೇಟುಗಳನ್ನು ಮೂರು ಸಲ ನೋಡಿದೆ ಎಂದು. ಹಂಸಾ ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು. ಕ್ಯಾಮೆರಾ ಆರಿಸಿದ್ದು ಯಾರು ಎಂದು ಲಕ್ಷ್ಮೀಶ್‌ಗೆ ನಾಲ್ಕು ಸಲ ನೆನಪಿಸಿದೆ.

ಪತ್ರದ ಜೊತೆ ಒಂದು ಫಾರಂ. ಜೂನ್‌ನಿಂದ ಹತ್ತು ವಾರ. ತಂದೆ ಅಥವಾ ತಾಯಿಯ ಸಹಿ.

ಹತ್ತು ವಾರ ಎಂದು ಜುಲೈಯಲ್ಲೇ ಓದಿದ್ದೆ. ಬಿಸಿಲು, ಬ್ಯಾಟರಿ, ಗ್ಲೌಸ್ ಎಲ್ಲವನ್ನೂ ಯೋಚಿಸಿದೆ. ಇವಳಿಲ್ಲದ ಮನೆಯನ್ನು ಒಂದು ದಿನವೂ ಯೋಚಿಸಲಿಲ್ಲ.

"ಅಮ್ಮಾ, ಹ್ಯಾವ್ ಯೂ ಸೈನ್ಡ್ ಇಟ್?" ಕೆಳಗಿನಿಂದ ಮೂರನೇ ಸಲ.

ಸಹಿ ಹಾಕುತ್ತೇನೆ. ಬೇರೆ ಪೆನ್ ಹುಡುಕಬೇಕಾಗಿಯೂ ಇಲ್ಲ, ಬರೆಯುತ್ತಿರುವ ಇದೇ ಸಾಕು. ಈ ಒಂದು ಸಾಲು ಮುಗಿಸಿ...