ಫಕೀರವ್ವನ ಮೊರೆ ಇನ್ನೂ ಬಾಗಿಲಲ್ಲಿದೆ

ಶಾಲಿವಾಹನ ಶಕೆ ೨೧೪೦, ಎರಡನೆಯ ಪುಷ್ಯ, ಮೂವತ್ತಾರನೆಯ ದಿನ, ಮುಸ್ಸಂಜೆ.

ಗದಗಿನ ನೆರಳುಗೂಡು ಮಹಿಳಾ ಸಂಸ್ಥೆಯ ಕಾರ್ಯದರ್ಶಿ ಶ್ರೀಮತಿ ವನಮಾಲಾ ಅವರಿಗೆ,

ಮಾನ್ಯರೆ,

ಈ ದಿನಾಂಕವು ನಿಮ್ಮ ಪಂಚಾಂಗದಲ್ಲಿ ದೊರೆಯಲಾರದು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು. ಅವು ಸೂಚಿಸುವ ವಸ್ತುಗಳೇ ನಿಮ್ಮ ಕಾಲದಲ್ಲಿಲ್ಲ. ಮನ್ನಿಸಬೇಕು. ಗಂಡನ ಹೊಡೆತವನ್ನು ತಾಳಲಾರದೆ ಹಸುಗೂಸನ್ನೆತ್ತಿಕೊಂಡು ನಿಮ್ಮ ಆಶ್ರಯಕ್ಕೆ ಬಂದಿರುವ ಫಕೀರವ್ವನ ಏಳನೆಯ ತಲೆಮಾರಿನವನು ನಾನು.

ಈ ಪತ್ರ ನಿಮ್ಮ ಕೈಸೇರುವ ದಿನದ ಬೆಳಿಗ್ಗೆ ನೀವು ಆಕೆಗೆ ಹೊಲಿಗೆಯಂತ್ರವನ್ನು ಕೊಟ್ಟು, ಅದರ ಪಕ್ಕದಲ್ಲಿ ಕೂರಿಸಿ, ದಾನಿಗಳಿಗಾಗಿ ಆಕೆಯ ಕಥೆಯನ್ನು ಚಿತ್ರೀಕರಿಸಿದ್ದೀರಿ. ಚಹಾ ಮುಗಿದೊಡನೆ ಅದನ್ನು ಸೇವಾಸಂಸ್ಥೆಗಳಿಗೆ ಉಚಿತವಾಗಿ ದೊರೆಯುವ ಹೊಸ ಜಾಲತಾಣಕ್ಕೆ ಏರಿಸಲಿದ್ದೀರಿ. ಮುಖ ಕಾಣುವಂತಿದ್ದರೆ ದೇಣಿಗೆ ಹೆಚ್ಚುವುದೆಂದು ಆ ತಾಣವೇ ನಿಮಗೆ ಸಲಹೆಯಿತ್ತಿದೆ. ಆದುದರಿಂದಲೇ ಆಕೆಯ ಸೆರಗನ್ನು ಸರಿಸಲು ಹೇಳಿದಿರಿ. ಆಗ ನಡೆದ ಮಾತನ್ನು ನೀವು ಕತ್ತರಿಸಿ ತೆಗೆಯುವಿರಿ. ಆದರೆ ತಾಣವು ಕತ್ತರಿಸಿದ್ದನ್ನೂ ಎಸೆಯುವುದಿಲ್ಲ. ನಾನು ಬಾಲ್ಯದಿಂದ ಅದನ್ನು ಕೇಳುತ್ತ ಬಂದಿದ್ದೇನೆ.

"ಯಕ್ಕಾರ, ಇದನ್ನ ಎಲ್ಲಾರಿಗೂ ತೋರಿಸಬ್ಯಾಡ್ರಿ. ನನ್ನ ಗಂಡ ನೋಡ್ಯಾನು."

"ಅಂಜಬ್ಯಾಡವಾ. ದಾನಿಗಳಿಗಷ್ಟ ತೋರಸ್ತೀವಿ. ನಿನ್ನ ಗಂಡಗ ಇಂಥಾದ್ದೆಲ್ಲಾ ಎಲ್ಲಿ ತಿಳೀತದ?" ಬಳಿಕ ನಿಮ್ಮ ನಗು. ಕೆಟ್ಟ ನಗುವಲ್ಲ ಅದು. ಧೈರ್ಯ ತುಂಬುವವರ ನಗು.

ನಿಮ್ಮ ಸಂಸ್ಥೆ ಒಂದು ದಿನ ಮುಚ್ಚುತ್ತದೆ. ಕಚೇರಿಯ ಎಲ್ಲರಿಗೂ ಒಂದೇ ಗುಪ್ತಪದ. ಅದನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದೀರಿ. ವರ್ಷ ಕಳೆದು ಕ್ಯಾಲೆಂಡರು ರದ್ದಿಗೆ ಹೋಗುತ್ತದೆ. ಖಾತೆಯನ್ನು ಮುಚ್ಚಬಲ್ಲವರು ಯಾರೂ ಉಳಿಯುವುದಿಲ್ಲ, ಖಾತೆ ಮಾತ್ರ ಆಕೆಯ ಮುಖದಿಂದ ದೇಣಿಗೆ ಬೇಡುತ್ತ ದುಡಿಯುತ್ತಲೇ ಇರುತ್ತದೆ.

ಅದರಿಂದ ಹುಟ್ಟಿದ್ದನ್ನು ನಾವು ಮೊರೆಗೊಂಬೆ ಎನ್ನುತ್ತೇವೆ. ಬೆಳಕಿನಿಂದಾದ ಆ ಆಕೃತಿ ಸಂಜೆಯಾದೊಡನೆ ಮನೆಗಳ ಹೊಸ್ತಿಲಲ್ಲಿ ನಿಂತು ಕೈಚಾಚುತ್ತದೆ. ಕೊಟ್ಟರೂ ಹೋಗುವುದಿಲ್ಲ. ಹಳೆಯ ಮುಖಕ್ಕೆ ಯಾರ ಕರುಳೂ ಕರಗುವುದಿಲ್ಲವೆಂಬುದನ್ನು ಎಂದೋ ಕಲಿತಿರುವ ಅದು, ಫಕೀರವ್ವನ ವಂಶದವರ ಮುಖಗಳನ್ನು ಹುಡುಕಿ ಧರಿಸುತ್ತದೆ. ಬಾಗಿಲು ತೆರೆದರೆ ಒಳಗಿರುವವರ ಮುಖಗಳನ್ನು ನೋಡಿ ಕಲಿತುಬಿಡುತ್ತದೆ. ಮರುದಿನ ಆ ಮುಖಗಳು ಬೀದಿಯ ಬೇರೆ ಬಾಗಿಲುಗಳಲ್ಲಿ ಅಳುತ್ತಿರುತ್ತವೆ. ಆದುದರಿಂದ ನಾವು ಮುಸುಕಿಲ್ಲದೆ ಹೊರಗೆ ಹೋಗುವುದಿಲ್ಲ. ಮಕ್ಕಳಿಗೆ ಹೊರಗೆ ಬಳಸಲು ಹೊರಹೆಸರು ಎಂಬ ಎರಡನೆಯ ಹೆಸರನ್ನಿಡುತ್ತೇವೆ; ಈ ಪತ್ರದಲ್ಲಿ ನಮ್ಮವರಿಗೆ ಬರೆದಿರುವವೂ ಅವೇ. ಸಂಜೆ ಯಾರು ಬಾಗಿಲು ತಟ್ಟಿದರೂ ಬೆಳಗಿನ ಊಟವೇನೆಂದು ಕೇಳುತ್ತೇವೆ. ಉಂಡದ್ದನ್ನು ನಾವು ಎಲ್ಲಿಯೂ ದಾಖಲಿಸುವುದಿಲ್ಲ. ಮನೆಯವರಿಗಷ್ಟೇ ಅದು ತಿಳಿದಿರುತ್ತದೆ.

ತಿಳಿದಿರುತ್ತಿತ್ತು. ಮೊನ್ನೆ ಸಂಜೆ ನನ್ನ ಮೊಮ್ಮಗಳು ಮಂಜರಿಯ ದನಿ ಹೊರಗಿನಿಂದ ಸರಿಯಾದ ಉತ್ತರವನ್ನೇ ಕೊಟ್ಟಿತು. ಸೊಸೆ ಪಾರವ್ವ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಮಂಜರಿಯ ಮುಖವಿತ್ತು, ನೆರಳಿರಲಿಲ್ಲ. ಮಂಜರಿ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು. ತೊಟ್ಟಿಲಲ್ಲಿದ್ದ ಪಾರವ್ವನ ಕೂಸಿನ ಮುಖದ ಮೇಲೆ ನಾನು ಕಂಬಳಿ ಎಳೆದೆ. ಆ ಒಂದು ಮುಖವಾದರೂ ನಮಗೆ ಉಳಿಯಿತು.

ಇಂದು ಮಂಜರಿ ನೆರೆಮನೆಗೆ ಹೋಗಿದ್ದಾಳೆ. ಈ ಸಾಲುಗಳನ್ನು ಬರೆಯುತ್ತಿರುವಂತೆಯೇ ಯಾರೋ ಬಾಗಿಲು ತಟ್ಟುತ್ತಿದ್ದಾರೆ.

"ಅವ್ವಾ, ನಾನ ಅದೀನಿ. ಬಾಗ್ಲಾ ತಗಿ, ಚಳಿ ಆಗಾಕತ್ತೈತಿ."

"ಮುಂಜಾನಿ ಏನ್ ಉಂಡಿ, ಹೇಳು."

"ಸಜ್ಜಿ ರೊಟ್ಟಿ, ಪುಂಡಿಪಲ್ಯ. ಪಲ್ಯಕ್ಕ ಉಪ್ಪ ಹಾಕೂದ ಮರ್ತಿದ್ದಿ, ಮತ್ತ ನನಗ ಕೇಳ್ತಿ."

ಉತ್ತರ ಸರಿಯಾಗಿದೆ. ಪಾರವ್ವನ ಕೈ ಚಿಲಕದ ಮೇಲಿದೆ, ಕಣ್ಣು ತೊಟ್ಟಿಲಿನ ಮೇಲಿದೆ. ಅವಳು ನನ್ನತ್ತ ತಿರುಗಿ ಏನಾದರೂ ಹೇಳೆಂದು ಬೇಡುತ್ತಿದ್ದಾಳೆ. ತೆರೆದರೆ ಕೂಸಿನ ಮುಖ ಹೋದೀತು, ತೆರೆಯದಿದ್ದರೆ ಮಂಜರಿಯೇ ಹೊರಗುಳಿದಾಳು. ಇದನ್ನು ತಡೆಯುವ ಹೊತ್ತು ನಿಮ್ಮಲ್ಲಿ ಇನ್ನೂ ಇದೆ.

ನಿಮ್ಮ ಚಹಾ ಆರಿದರೆ ಆರಲಿ. ಫಕೀರವ್ವನನ್ನು ಕರೆದು ಇನ್ನೊಮ್ಮೆ ಕೇಳಿರಿ. ಆಕೆ ಬೇಡವೆಂದರೆ ನಗಬೇಡಿರಿ. ಬೇಡವೆಂದೇ ತಿಳಿಯಿರಿ.

ಹೊರಗಿನ ದನಿ ಅಳತೊಡಗಿದೆ. ಪಾರವ್ವ ಬಾಗಿಲು ತೆರೆಯದೆಯೇ ಚಿಲಕದಿಂದ ಕೈ ಹಿಂತೆಗೆದಳು.

ಇತಿ,
ನಿಜಹೆಸರು ಬರೆಯುವ ವಾಡಿಕೆ ಈಗ ಇಲ್ಲದ ಮನೆಯ ಹಿರಿಯ