ತಮ್ಮನ ಸ್ನಾಯುಗಳ ವಿಷಯ

ಅಪ್ಪಾ,

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪ್ಲೀಸ್, ಸಿಟ್ಟಾಗಬೇಡಿ.

ತಮ್ಮನ ರಿಪೋರ್ಟ್ ಬಂತು. ಈ ಕಾಯಿಲೆ ನಮ್ಮ ಮೆಡಿಕಲ್ ಫಸ್ಟ್ ಇಯರ್ ಪಾಠದಲ್ಲೇ ಇದೆ. ಅವನ ಸ್ನಾಯುಗಳಲ್ಲಿ ಸಕ್ಕರೆ ತುಂಬಿದೆ, ಅದನ್ನು ಬಿಡಿಸಿ ಶಕ್ತಿ ಕೊಡುವ ಎಂಜೈಮ್ ಮಾತ್ರ ಹುಟ್ಟಿನಿಂದಲೇ ಇಲ್ಲ. ಕಣಜ ತುಂಬಿದ್ದರೂ ಬೀಗದ ಕೈ ಇಲ್ಲದ ಹಾಗೆ. ಮೈದಾನದಲ್ಲಿ ಅವನು "ಕಾಲು ಹಿಡ್ಕೊಂಡಿದೆ ಅಪ್ಪಾ" ಅಂದಾಗ ನೀವು, "ನಾಟಕ ಸಾಕು ಮೈಗಳ್ಳಾ, ಇನ್ನೊಂದು ರೌಂಡ್ ಹೊಡಿ" ಅಂದಿರಂತೆ. ಆ ರೌಂಡಿನಲ್ಲಿ ಸ್ನಾಯು ಒಡೆದು ರಕ್ತಕ್ಕೆ ಸೇರಿತು. ಅದು ಕಟ್ಟಿಕೊಂಡು ಈಗ ಕಿಡ್ನಿ ಕೆಲಸ ಮಾಡುತ್ತಿಲ್ಲ.

ಡಯಾಲಿಸಿಸ್‌ಗೆ ನಿಮ್ಮ ಸಹಿ ಬೇಕು, ಆಸ್ಪತ್ರೆಗೆ ಬೇಗ ಬನ್ನಿ. ಕೋಚ್ ಡ್ರೆಸ್ ಬೇಡ, ಸೀಟಿಯೂ ಮನೆಯಲ್ಲೇ ಇರಲಿ. ಬೆಳಿಗ್ಗೆ ಗೇಟಿನ ವಾಚ್‌ಮನ್ ಸೀಟಿ ಊದಿದಾಗ ತಮ್ಮನು ಕೈಯ ಡ್ರಿಪ್ ಸೂಜಿ ಕಿತ್ತುಕೊಂಡು ಮಂಚದಿಂದ ಇಳಿದು, "ಬಂದೆ ಅಪ್ಪಾ" ಅಂದ.

ನಿಮ್ಮ ಮಗಳು