ಕ್ಯಾಸೆಟ್ಟು ತಲುಪಿತು

ಬ್ಯಾಡಗಿ
೧೯ ಫೆಬ್ರುವರಿ ೧೯೮೮

ಪ್ರೇಮವ್ವನ ಅಪ್ಪನವರಿಗೆ ನಮಸ್ಕಾರ.

ನಿಮ್ಮ ಹೆಸರನ್ನು ನಾನು ಈವರೆಗೆ ಬರೆದವಳಲ್ಲ. ಈಗ ಕ್ಯಾಸೆಟ್ಟಿನ ಮೇಲೆ ಪರಮೇಶಪ್ಪ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿರುವುದರಿಂದ ಬರೆಯುವ ಅಗತ್ಯವೂ ಉಳಿದಿಲ್ಲ. ಆರೋಗ್ಯ ಹೇಗಿದೆ? ಹೋದ ಪತ್ರದಲ್ಲಿ ಗಟ್ಟಿಮುಟ್ಟಾಗಿದ್ದೇನೆ ಎಂದಿದ್ದಿರಿ. ನಾನು ಚೆನ್ನಾಗಿದ್ದೇನೆ. ಮೆಣಸಿನಕಾಯಿ ಸುಗ್ಗಿ, ಘಾಟಿಗೆ ಊರೆಲ್ಲ ಕೆಮ್ಮುತ್ತಿದೆ, ನನ್ನ ತರಗತಿಯಲ್ಲಿ ಪಾಠಕ್ಕಿಂತ ಕೆಮ್ಮೇ ಹೆಚ್ಚು. ಹಾವೇರಿಯಲ್ಲಿ ಮಗಳು ಸುಖವಾಗಿದ್ದಾಳೆ. ಅವಳ ಗಂಡ ದಿನಾ ಸಂಜೆ ಮನೆಗೆ ಬರುತ್ತಾನೆ. ಅದು ಅವಳಿಗೆ ಇನ್ನೂ ಆಶ್ಚರ್ಯ.

ಕ್ಯಾಸೆಟ್ಟು ಸೋಮವಾರ ತಲುಪಿತು. ಮೊದಲು ಅದರ ಹೊದಿಕೆಯ ವಿಷಯ. ಮುಂಬೈಯ ಹೋಟೆಲುಗಳಲ್ಲಿ ನಲವತ್ತು ವರ್ಷ ಜಾಝ್ ನುಡಿಸಿದ ಹಿರಿಯ ಟ್ರಾಂಬೋನ್ ವಾದಕರು ಆ ಕಾಲದ ಮೆಚ್ಚಿನ ಹಾಡುಗಳನ್ನು ಇಳಿವಯಸ್ಸಿನಲ್ಲಿ ಮತ್ತೊಮ್ಮೆ ನುಡಿಸಿದ್ದಾರೆ ಎಂದಿದೆ. ಬೆಳಗಾವಿಯ ಪಲ್ಟನ್ ಬ್ಯಾಂಡಿನಲ್ಲಿ ಬೈಸಿಕೊಂಡು ಕಲಿತದ್ದನ್ನು ಬಿಟ್ಟಿದ್ದಾರೆ. ಅದು ಬಂಗಾರದ ಬಣ್ಣಕ್ಕೆ ಹೊಂದಲಿಲ್ಲವೇನೋ. ಫೋಟೋದಲ್ಲಿ ನೀವು ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೀರಿ. ಹೊರಗೆ ಏನಿತ್ತು? ಕೆಳಗೆ ಸಣ್ಣಕ್ಷರದಲ್ಲಿ, "ನನಗಾಗಿ ಕಾದ ಸುಶೀಲಾಳಿಗೆ" ಎಂಬ ಅರ್ಪಣೆ. ನಾನು ಕಾಯಲಿಲ್ಲ. ಶಾಲೆಗೆ ಹೋದೆ, ಮಗಳನ್ನು ಓದಿಸಿದೆ, ಮದುವೆ ಮಾಡಿದೆ, ಮಾಳಿಗೆ ಸೋರಿದಾಗ ಮಣ್ಣು ಹಾಕಿಸಿದೆ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಹೆಂಗಸರು ಕಿಟಕಿಯ ಬಳಿ ಕೂತು ಕಾಯುತ್ತಾರೆ. ಅವರ ಮನೆಗಳಲ್ಲಿ ಅಡಿಗೆಯವರಿರುತ್ತಾರೆ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲವೆಂದು ಮೆಣಸಿನಕಾಯಿ ಯಾರ್ಡಿನಲ್ಲಿರುವ ನನ್ನ ತಮ್ಮ ಸೋಮಣ್ಣನ ದಲಾಲಿ ಅಂಗಡಿಗೆ ಒಯ್ದೆ. ರಾಣೆಬೆನ್ನೂರಿನಿಂದ ನಿಮ್ಮ ಅಭಿಮಾನಿ, ಬ್ಯಾಂಕಿನ ಪ್ರಭಾಕರನೂ ಬಂದಿದ್ದ. ಕಣ್ಣು ಮುಚ್ಚಿ ಕೇಳಿದ. ಒಂದು ಹಾಡು ಮುಗಿದು ಇನ್ನೊಂದು ಶುರುವಾದದ್ದು ಅವನಿಗೆ ತಿಳಿಯಲಿಲ್ಲ. ತಪ್ಪು ಅವನದೊಂದೇ ಅಲ್ಲ. ಎಲ್ಲ ಹಾಡುಗಳಿಗೂ ಒಂದೇ ನಡಿಗೆ, ಹಿಂದೆ ಸೋರುವ ನಳದಂಥ ಯಂತ್ರದ ತಾಳ. ಬಾಗಿಲಲ್ಲಿ ಕಾಯಿಯ ತೊಟ್ಟು ಮುರಿಯುತ್ತಿದ್ದ ಕರೆವ್ವ, "ಯಕ್ಕಾ, ಯಾರ ಎಮ್ಮಿ ಕರಾ ಕಳಕೊಂಡೈತಿ?" ಎಂದಳು. ಪ್ರಭಾಕರ ನನ್ನ ಕಡೆ ತಿರುಗಿ, "ವೈನಿ, ಜಾಝ್ ಅಂದ್ರ ಹಂಗ ಲಗೂ ತಿಳಿಯೂದಲ್ರಿ ಅದು" ಎಂದ. "ಲಗ್ನ ಆಗಿ ಮೂವತ್ತು ವರ್ಷ ಆತ್ರಿ, ಊದಾವ್ರೇ ತಿಳೀಲಿಲ್ಲ" ಎಂದೆ. ರಜೆಗೆ ಬಂದಾಗ ನೀವು ಮಾಳಿಗೆಯ ಮೇಲೆ ಊದುತ್ತಿದ್ದುದೂ ಇವೇ ಹಾಡುಗಳು. ಆಗ ಅವು ಓಡುತ್ತಿದ್ದವು. ಟ್ರಾಂಬೋನಿನ ಆ ಉದ್ದ ಕೊಳವೆ ಮುಂದೆ ಹೋಗಿ ಹಿಂದೆ ಬರುವಾಗ ಪ್ರೇಮವ್ವ ಅದರ ಜೊತೆ ಕತ್ತು ಚಾಚುತ್ತಿದ್ದಳು. ನಿಧಾನಕ ಊದೋದು ಮುದುಕರ ಕೆಲಸ ಎಂದವರು ನೀವೇ.

ಎರಡನೆಯ ಬದಿಯಲ್ಲಿ, ಒಂದು ಹಾಡಿನ ನಡುವೆ, ಕೆಮ್ಮು ಕೇಳಿತು. ಅಂಗಡಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಸೋಮಣ್ಣ, "ಸೆರಗು ಬಾಯಿಗಿ ಇಟ್ಕೋ ಕರೆವ್ವ" ಎಂದ. "ನಾ ಅಲ್ರಿ ಸಾವ್ಕಾರ್ರ, ನಿಮ್ಮ ಡಬ್ಬೀನ ಕೆಮ್ಮಿದ್ದು" ಎಂದಳು. ನಾನು ಟೇಪನ್ನು ಹಿಂದಕ್ಕೆ ತಿರುಗಿಸಿದೆ. ಹೌದು, ಅದರೊಳಗೇ ಇತ್ತು. ಪ್ರಭಾಕರ ಅದನ್ನೂ ಮೆಚ್ಚಿದ. ಅದರಿಂದ ಸಂಗೀತಕ್ಕೆ ಜೀವ ಬರುತ್ತದಂತೆ. ನಾವು ಬ್ಯಾಡಗಿಯವರು, ಕೆಮ್ಮು ನಮಗೆ ಗೊತ್ತು. ಘಾಟಿನ ಕೆಮ್ಮು ಗಂಟಲಲ್ಲೇ ಹುಟ್ಟಿ ಗಂಟಲಲ್ಲೇ ಮುಗಿಯುತ್ತದೆ, ನೀರು ಕುಡಿದರೆ ನಿಲ್ಲುತ್ತದೆ. ಇದು ಎದೆಯ ತಳದಿಂದ ಬಂದದ್ದು. ಮುಂದಿನ ಹಾಡುಗಳಲ್ಲಿ ನೀವು ಸಾಲಿನ ನಡುವೆಯೇ ಉಸಿರು ಎಳೆದುಕೊಂಡಿದ್ದೀರಿ. ಹಾಡು ನಿಧಾನವಾದದ್ದು ಯಾಕೆಂದು ಆಗ ತಿಳಿಯಿತು. ಗಟ್ಟಿಮುಟ್ಟಾಗಿದ್ದೇನೆಂದು ಸುಳ್ಳು ಬರೆದು, ಹಿಂದೆಯೇ ಅದರ ಸಾಕ್ಷಿಯನ್ನು ಪಾರ್ಸೆಲ್ ಮಾಡುವ ದಡ್ಡತನ ನಿಮ್ಮಿಂದ ಮಾತ್ರ ಸಾಧ್ಯ.

ಮಾರ್ಚ್ ಮೊದಲ ರವಿವಾರ ರಾಣೆಬೆನ್ನೂರಿನಲ್ಲಿ ಪ್ರಭಾಕರನ ಬಳಗದಿಂದ ನಿಮಗೆ ಸನ್ಮಾನವಂತೆ. ಶಾಲು, ಹಣ್ಣಿನ ಬುಟ್ಟಿ, ನಿಮ್ಮ ಸಂಗೀತ ಕೇಳದವರ ಭಾಷಣಗಳು. ಕೊನೆಗೆ ನೀವು ಎರಡು ತಾಸು ಊದಬೇಕು. ಒಪ್ಪಿಕೊಂಡಿದ್ದೀರಿ ಎಂದು ಪ್ರಭಾಕರ ಹೇಳಿದ. ಕಂಪನಿಯವರು ಎರಡನೆಯ ಕ್ಯಾಸೆಟ್ಟಿಗೂ ಕೇಳಿದ್ದಾರೆಂದು ನೀವೇ ಹಿಗ್ಗಿ ಬರೆದಿದ್ದೀರಿ. ಅವರು ಕೆಮ್ಮನ್ನು ತೆಗೆದು ಮತ್ತೊಮ್ಮೆ ರೆಕಾರ್ಡ್ ಮಾಡುವ ಖರ್ಚು ಉಳಿಸಿದವರು. ನಿಮ್ಮ ಎದೆಯ ಚಿಂತೆ ಅವರಿಗೆ ಯಾಕೆ ಇರಬೇಕು?

ಮಗಳು, ಅಳಿಯ ನಮಸ್ಕಾರ ಹೇಳಿದ್ದಾರೆ. ಸೋಮಣ್ಣನೂ. ಬಿಸಿನೀರು ಕುಡಿಯಿರಿ.

ಸುಶೀಲವ್ವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ನೀವು ರಾಣೆಬೆನ್ನೂರಿಗೆ ಹೋಗುವುದಿಲ್ಲ. ಬ್ಯಾಡಗಿಗೂ ಬರಬೇಡಿ, ಈ ಘಾಟು ಈಗ ನಿಮಗೆ ಆಗುವುದಿಲ್ಲ. ಎರಡಕ್ಕೂ ಮೊದಲೇ ಸಿಗುವ ಹಾವೇರಿಯಲ್ಲಿ ಇಳಿಯಿರಿ. ಅಲ್ಲಿ ಎದೆ ನೋಡುವ ಡಾಕ್ಟರ್ ಇದ್ದಾರೆ. ಸುಗ್ಗಿ ಮುಗಿಯುವವರೆಗೆ ಇಬ್ಬರೂ ಮಗಳ ಮನೆಯಲ್ಲಿರುವುದು. ಶಾಲೆಯಲ್ಲಿ ಇನ್ನೂ ರಜೆ ಕೇಳಿಲ್ಲ, ಪ್ರಭಾಕರನಿಗೂ ಹೇಳಿಲ್ಲ. ಎರಡನ್ನೂ ಸೋಮವಾರ ಮಾಡುತ್ತೇನೆ. ಯಾವ ಗಾಡಿ ಎಂದು ತಿಳಿಸಿ, ಹಾವೇರಿ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ. ಇದನ್ನು ಕಾಯುವುದು ಎಂದು ಯಾವ ಹೊದಿಕೆಯ ಮೇಲೂ ಅಚ್ಚು ಹಾಕಿಸಬೇಡಿ.